ಜಾಹೀರಾತಿಗೆ ಮುಯ್ಯಿ

ನಮ್ಮ ಕಡೆ ಬಸ್ಸು ಯಾವಾಗ ಬರುತ್ತದೆಂದು ಯಾರನ್ನಾದರೂ ಕೇಳಿ ನೋಡಿ. "ಬತ್ತದೆ" ಎನ್ನುತ್ತಾರೆ. ಎಷ್ಟು ಹೊತ್ತಿಗೆ ಎಂದು ಮತ್ತೆ ಕೇಳಿದರೆ "ಈಗ ಬತ್ತದೆ" ಎನ್ನುತ್ತಾರೆ. ಇನ್ನೊಂದು ಸಲ ಕೇಳಿದರೆ, ಇವಳಿಗೇನು ಇಷ್ಟು ಅವಸರ ಎನ್ನುವಂತೆ ಮೇಲಿಂದ ಕೆಳಗೆ ನೋಡುತ್ತಾರೆ. ಪಾಂಡವಪುರದಿಂದ ಶ್ರೀರಂಗಪಟ್ಟಣದ ಒಂದು ಖಾಸಗಿ ಶಾಲೆಗೆ ದಿನಾ ಹೋಗಿ ಬರುತ್ತಿದ್ದ ಕಾಲದಲ್ಲಿ ಈ "ಬತ್ತದೆ" ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಆ ಕೋಪದಲ್ಲೇ ಮಾಡಿದ್ದು ಬಸ್ಸಿನ ಆ್ಯಪು.

ಶಾಲೆಯಲ್ಲಿ ನಾನು ಕಂಪ್ಯೂಟರ್ ಟೀಚರು. ಹಾಗೆಂದು ಸಂಬಳದ ಚೀಟಿಯಲ್ಲಿ ಇತ್ತು. ನಿಜವಾಗಿ ಮಾಡುತ್ತಿದ್ದದ್ದು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವುದು, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗೆ ಹೂವಿನ ಬಾರ್ಡರು ಹಾಕುವುದು, ಹೆಡ್‌ಮಿಸ್ಸಿನ ಫೋನಿನಲ್ಲಿ ತುಂಬಿಹೋದ ಶುಭೋದಯದ ಚಿತ್ರಗಳನ್ನು ಅಳಿಸುವುದು. ಅವರು ಒಳ್ಳೆಯವರೇ. ಆದರೆ ದಿನಾ ಅಷ್ಟು ದೂರ ಜೋತಾಡಿಕೊಂಡು ಹೋಗಿ ಹೂವಿನ ಬಾರ್ಡರು ಹಾಕುವುದಕ್ಕೆ ನಾನು ಪ್ರೋಗ್ರಾಮಿಂಗ್ ಕಲಿಯಬೇಕಿತ್ತೇ ಎನಿಸುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಕೆಲಸ ಬಿಟ್ಟು ಮನೆಯಲ್ಲಿ ಕುಳಿತೆ.

ಆ್ಯಪು ತೀರಾ ಸರಳ. ಬಸ್ಸು ಹತ್ತಿದವರು "ಹತ್ತಿದೆ" ಎಂಬ ಗುಂಡಿ ಒತ್ತಬೇಕು. ಆಗ ಆ ಬಸ್ಸು ಎಲ್ಲಿ ಬರುತ್ತಿದೆ ಎಂಬುದು ಮುಂದಿನ ಊರುಗಳಲ್ಲಿ ಕಾಯುತ್ತಿರುವವರಿಗೆ ಕಾಣುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಒಳಗೆ ಓಡಾಡುವ ಬಸ್ಸುಗಳು ಮಾತ್ರ. ಸರ್ಕಾರಿ ಬಸ್ಸೂ ಉಂಟು, ಖಾಸಗಿಯೂ ಉಂಟು. ಹೆಂಗಸರಿಗೆ ಟಿಕೆಟ್ಟು ಬಿಟ್ಟಿಯಾದ ಮೇಲೆ ನಮ್ಮ ಕಡೆ ಮನೆಯಲ್ಲಿ ಕೂತವರೇ ಇಲ್ಲವಾದ್ದರಿಂದ ಆ್ಯಪು ಬೇಗ ಹಬ್ಬಿತು. ಹಬ್ಬಿದ್ದೇ ತಡ, ಅದನ್ನು ಸಾಕುವ ಖರ್ಚೂ ಬೆಳೆಯಿತು. ಜನ ಹೆಚ್ಚಾದಷ್ಟೂ ಸರ್ವರಿನ ಬಾಡಿಗೆ ಹೆಚ್ಚು.

ನಮ್ಮ ಯಜಮಾನರಿಗೆ ಪಾಂಡವಪುರದಲ್ಲೇ ಮೋಟರು ರಿಪೇರಿ ಅಂಗಡಿ. ಸುಟ್ಟುಹೋದ ಪಂಪಿನ ಮೋಟರಿಗೆ ಹೊಸ ತಂತಿ ಸುತ್ತಿ ಕೊಡುತ್ತಾರೆ. ನಾಲೆಗೆ ನೀರು ಬಿಟ್ಟರೆ ಊರಿಗೆಲ್ಲ ಸಂಭ್ರಮ, ನಮ್ಮ ಮನೆಗೆ ಮಾತ್ರ ಸಪ್ಪೆ. ಯಾರೂ ಮೋಟರು ಓಡಿಸುವುದಿಲ್ಲ, ಓಡಿಸದಿದ್ದರೆ ಸುಡುವುದಿಲ್ಲ. ಆ ವರ್ಷ ನಾಲೆ ತುಂಬಿ ಹರಿಯುತ್ತಿತ್ತು. ಒಂದು ದಿನ ಊಟ ಮಾಡುತ್ತಾ ಅವರು ಬಹಳ ಮೆತ್ತಗೆ ಹೇಳಿದರು.

"ದಸರಾ ರಜ ಮುಗಿಯೋಗಂಟ ನೋಡು. ಆ್ಯಪು ತನ್ನ ಖರ್ಚು ತಾನು ನೋಡ್ಕಂಡು ನಿನಗೂ ಏನಾರಾ ಕೊಟ್ರೆ ಸರಿ. ಇಲ್ದಿದ್ರೆ ಆ ಟೀಚರ್ ಕೆಲ್ಸಕ್ಕೇ ವಾಪಸ್ ಓಗು. ಅವರೂ ಜಾಗ ಇಟ್ಕಂಡವ್ರಂತೆ."

ಹೌದು, ಹೆಡ್‌ಮಿಸ್ಸು ಜಾಗ ಇಟ್ಟುಕೊಂಡಿದ್ದರು. ರಜೆ ಮುಗಿದ ದಿನ ಬಂದು ಹೂಂ ಅಥವಾ ಊಹೂಂ ಹೇಳಬೇಕೆಂದಿದ್ದರು. ನನಗೋ ಆ ಹೂವಿನ ಬಾರ್ಡರು ಮತ್ತೆ ಬೇಡವಾಗಿತ್ತು. ಆ್ಯಪು ನನ್ನದು, ನಾನೇ ಹೆತ್ತದ್ದು. ಅದನ್ನು ಉಳಿಸಿಕೊಳ್ಳಬೇಕೆಂದರೆ ಅದರಲ್ಲಿ ಜಾಹೀರಾತು ಹಾಕುವುದೊಂದೇ ದಾರಿ. ಬಸ್ಸಿನ ಹೊತ್ತು ಹೇಳಿ ನಮ್ಮ ಜನರ ಹತ್ತಿರ ಕಾಸು ಕೇಳಿದರೆ ಮುಖದ ಮೇಲೆ ನಗುತ್ತಾರೆ.

ಜಾಹೀರಾತು ಹಾಕುವುದೆಂದರೆ ಗೋಡೆಗೆ ಪೋಸ್ಟರು ಅಂಟಿಸಿದಂತೆ ಎಂದುಕೊಂಡಿದ್ದೆ. ಅದರಲ್ಲಿ ನಾನಾ ಬಗೆ. ಪರದೆಯ ಅಂಚಿನಲ್ಲಿ ಸಣ್ಣ ಪಟ್ಟಿಯಾಗಿ ಕೂರುವ ಬ್ಯಾನರು ಒಂದು. ಇಡೀ ಪರದೆಯನ್ನು ನುಂಗುವ ಫುಲ್ ಸ್ಕ್ರೀನು ಇನ್ನೊಂದು. ನಮ್ಮ ಆ್ಯಪಿನ ಸಾಲುಗಳ ನಡುವೆಯೇ ಮನೆಯವರ ಥರ ಸೇರಿಕೊಂಡು ಕೂರುವಂಥದ್ದು ಮತ್ತೊಂದು. ಪೂರ್ತಿ ನೋಡಿದವರಿಗೆ ಆ್ಯಪಿನೊಳಗೆ ಏನಾದರೂ ಬಹುಮಾನ ಕೊಡುವ ವಿಡಿಯೋ ಇದೆ. ಜಾಹೀರಾತು ಕಂಪನಿಯವರು ಬರೀ ತೋರಿಸಿದ್ದಕ್ಕೆ ಸ್ವಲ್ಪ ಕೊಡುತ್ತಾರೆ, ನೋಡಿದವರು ಅದನ್ನು ಒತ್ತಿ ಒಳಗೆ ಹೋದರೆ ಜಾಸ್ತಿ ಕೊಡುತ್ತಾರೆ. ಯಾವ ಬಗೆ ಎಲ್ಲಿ ಹಾಕಬೇಕೆಂದು ಹೇಳುವ ಪಾಠಗಳು ಬೇಕಾದಷ್ಟಿವೆ. ಎಲ್ಲವೂ ಸೋಫಾದ ಮೇಲೆ ಒರಗಿಕೊಂಡು ಫೋನು ನೋಡುವವರಿಗೆ ಬರೆದದ್ದು. ಕೆ.ಆರ್.ಪೇಟೆ ರಸ್ತೆಯಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತವರ ಬಗ್ಗೆ ಯಾರೂ ಬರೆದಿರಲಿಲ್ಲ.

ಮೊದಲು ಬ್ಯಾನರು ಹಾಕಿದೆ, "ಹತ್ತಿದೆ" ಗುಂಡಿಯ ಕೆಳಗೇ. ಮಾರನೆಯ ದಿನ ಬಸ್ಸಿನಲ್ಲಿ ನನ್ನ ಪಕ್ಕ ನಿಂತ ಹೆಂಗಸು ಗುಂಡಿ ಒತ್ತಲು ಹೋದಳು, ಬಸ್ಸು ಹಳ್ಳಕ್ಕೆ ಬಿತ್ತು, ಹೆಬ್ಬೆರಳು ಜಾರಿತು. "ಬಸ್ಸತ್ತಿದೆ ಅಂತ ಯೋಳಕೋದ್ರೆ ಇದು ಸೀರೆ ಅಂಗಡಿಗೆ ಕರ್ಕೊಂಡೋಯ್ತದಲ್ಲ" ಎಂದು ಬೈದುಕೊಂಡಳು. ಆಮೇಲೆ ಸೀರೆಗಳನ್ನು ನೋಡುತ್ತಾ ಗುಂಡಿ ಒತ್ತುವುದನ್ನೇ ಮರೆತಳು. ಮುಂದಿನ ಊರಿನಲ್ಲಿ ಕಾಯುತ್ತಿದ್ದವರ ಪಾಲಿಗೆ ಆ ಬಸ್ಸು ಹೊರಟೇ ಇರಲಿಲ್ಲ.

ಆಮೇಲೆ ಆ್ಯಪು ತೆರೆದ ಕೂಡಲೇ ಬರುವ ಫುಲ್ ಸ್ಕ್ರೀನು ಹಾಕಿದೆ. ಅದಕ್ಕೆ ಕಾಸು ಹೆಚ್ಚು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುವ ಒಬ್ಬ ಚಾಚಾ ಇದ್ದಾರೆ. ನಾನು ಟೀಚರಾಗಿದ್ದಾಗಿನಿಂದ ಪರಿಚಯ, ನನ್ನ ಆ್ಯಪನ್ನು ಗಿರಾಕಿಗಳಿಗೆಲ್ಲ ಹಾಕಿಸಿಕೊಟ್ಟವರು. ಅವರು ನನ್ನನ್ನು ನಿಲ್ಲಿಸಿಕೊಂಡು ಕೇಳಿದರು.

"ಬೇಟಿ, ಒಂದು ಮಾತು. ನಾಗಮಂಗಲದ ಬಸ್ಸು ಎಲ್ಲೈತೆ ಅಂತ ನೋಡ್ದೆ. ಒಬ್ಬ ಹೀರೋ ಬಂದ, ಸಿಮೆಂಟು ತಗೋ ಅಂದ. ನಂಗೆ ಸಿಮೆಂಟು ಯಾಕೆ ಬೇಕು. ಆಯ್ತು ಬುಡಪ್ಪ, ಹೇಳ್ಕೊಂಡು ಹೋಗ್ಲಿ ಅಂತ ಕಾದೆ. ಅವನು ಹೋಗೋ ಹೊತ್ತಿಗೆ ಬಸ್ಸೂ ಹೋಯ್ತು."

ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಒಂದು ವಿಷಯ ಹೊಳೆಯಿತು. ನನ್ನ ಆ್ಯಪನ್ನು ಎರಡು ಥರದ ಜನ ತೆರೆಯುತ್ತಾರೆ. ಓಡುವವರು, ಕಾಯುವವರು. ಓಡುವವರ ಮುಂದೆ ಅಡ್ಡ ಹೋಗಿ ಸಿಮೆಂಟು ಮಾರಿದರೆ ಶಾಪ ಹಾಕುತ್ತಾರೆ. ಕಾಯುವವರಿಗೆ ಏನು ತೋರಿಸಿದರೂ ನೋಡುತ್ತಾರೆ, ಎದುರುಗಡೆ ಅಂಗಡಿಯ ಬೋರ್ಡನ್ನು ಎಷ್ಟೋ ಸಲ ಓದಿ ಮುಗಿಸಿರುತ್ತಾರೆ. ಇದು ನನಗೆ ಭಾರಿ ಸಂಶೋಧನೆಯಂತೆ ಕಂಡಿತು. ಮನೆಗೆ ಬಂದು ಹೇಳಿದರೆ ಯಜಮಾನರು, "ಇದ್ನ ಯೋಳಕೆ ಕಂಪ್ಯೂಟರ್ ಓದ್ಬೇಕಾ" ಎಂದರು.

ಸಾಲುಗಳ ನಡುವೆ ಸೇರಿಕೊಳ್ಳುವ ಬಗೆಯನ್ನೂ ಬಿಡಲಿಲ್ಲ. ಕೆ.ಆರ್.ಪೇಟೆ ಬಸ್ಸು, ಗೋವಿಂದನಹಳ್ಳಿ ಬಸ್ಸು, ಇವೆರಡರ ಮಧ್ಯೆ ಅದೇ ಅಕ್ಷರ ಅದೇ ಬಣ್ಣದಲ್ಲಿ ಯಾವುದೋ ಬಡಾವಣೆಯ ಸೈಟು ಮಾರಾಟ. ಒಬ್ಬ ಅಜ್ಜ ಕಂಡಕ್ಟರನಿಗೆ ಆ ಬಡಾವಣೆಯ ಹೆಸರು ಹೇಳಿ ಅಲ್ಲಿಗೆ ಒಂದು ಟಿಕೆಟ್ಟು ಕೊಡು ಎಂದನಂತೆ. ಅಂಥ ಸ್ಟಾಪೇ ಇಲ್ಲ ಎಂದರೆ ಕೇಳಲೊಲ್ಲ, ಫೋನಿನಲ್ಲೇ ಬಂದಿದೆ ಎಂದು ವಾದ. ಕಂಡಕ್ಟರು ನನಗೇ ಫೋನು ಮಾಡಿ ಉಗಿದ. ಅದನ್ನೂ ತೆಗೆದೆ.

ಕೊನೆಗೆ ಸೋತು, ಬ್ಯಾನರನ್ನೇ ಗುಂಡಿಯಿಂದ ದೂರ, ಪಟ್ಟಿಯ ಕಟ್ಟಕಡೆಗೆ ಕೂರಿಸಿದೆ. ಯಾರಿಗೂ ತೊಂದರೆಯಿಲ್ಲ, ನನಗೂ ಹೆಚ್ಚು ಲಾಭವಿಲ್ಲ. ಸರ್ವರಿನ ಬಾಡಿಗೆಗೇ ಸಾಲದು. ಶ್ರಾವಣ ಕಳೆಯುತ್ತಾ ಬಂದಿತ್ತು. ಇಸ್ತ್ರಿ ಮಾಡಿಟ್ಟ ಟೀಚರು ಸೀರೆಗಳು ಬೀರುವಿನೊಳಗಿಂದ ನನ್ನನ್ನೇ ನೋಡುತ್ತಿದ್ದವು.

ಆಗ ಇದ್ದಕ್ಕಿದ್ದಂತೆ ಆದಾಯ ಏರಿತು. ಸುಮ್ಮನೆ ಏರಿದ್ದಲ್ಲ, ಹಾಲು ಉಕ್ಕಿದ ಹಾಗೆ. ದಿನದಿನಕ್ಕೆ ಹೆಚ್ಚುತ್ತಲೇ ಹೋಯಿತು. ನನಗೆ ಸಮಾನರು ಯಾರು ಅನ್ನಿಸಿಬಿಟ್ಟಿತು. ಬ್ಯಾನರನ್ನು ಪಟ್ಟಿಯ ಕೊನೆಗೆ ಹಾಕಿದ್ದೇ ಇದರ ಗುಟ್ಟು, ಓದುತ್ತಾ ಓದುತ್ತಾ ಕಣ್ಣು ಇಳಿದು ಅಲ್ಲಿಗೇ ಬಂದು ನಿಲ್ಲುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳಿದೆ. ಯಜಮಾನರು ಅಂಗಡಿಗೆ ಬಂದವರ ಹತ್ತಿರ, "ನಮ್ಮನೆಯವರು ಆ್ಯಪು ಮಡಗವ್ರೆ" ಎಂದು ಹೇಳತೊಡಗಿದರು. ಹಬ್ಬವಿಲ್ಲ ಹರಿದಿನವಿಲ್ಲ, ಒಬ್ಬಟ್ಟು ಮಾಡಿದೆ. ಅತ್ತೆ ಮಾತ್ರ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಾ ಒಂದು ಥರ ನಕ್ಕರು. ನಾನು ಕಾರಣ ಕೇಳಲಿಲ್ಲ.

ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಊರಿನ ಹೆಂಗಸರ ಸಂಘಕ್ಕೆ ಅವರೇ ಅಧ್ಯಕ್ಷೆ. ಮದುವೆ, ನಾಮಕರಣ, ಗೃಹಪ್ರವೇಶ ಯಾವುದನ್ನೂ ಬಿಟ್ಟವರಲ್ಲ. ಬೆಳಿಗ್ಗೆ ಅರಕೆರೆಯಲ್ಲಿದ್ದರೆ ಸಾಯಂಕಾಲ ಪಾಲಹಳ್ಳಿಯಲ್ಲಿರುತ್ತಾರೆ. ನಾನು ಕೆಲಸ ಬಿಟ್ಟಾಗ ಅವರು ಅಂದದ್ದು ಇಷ್ಟೇ: "ಬಸ್ಸು ಬರಾದ ನೋಡಕೆ ದೇವರು ಕಣ್ಣು ಕೊಟ್ಟವ್ನೆ ಕಣವ್ವ. ಅದುಕ್ಕೂ ಫೋನು ಬೇಕಾ?" ಆಮೇಲೆ ಆ ವಿಷಯ ಎತ್ತಿರಲಿಲ್ಲ. ಅವರ ಫೋನಿಗೆ ಆ್ಯಪು ಹಾಕಿಕೊಟ್ಟಿದ್ದೆ, ಬಳಸುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

ಒಬ್ಬಟ್ಟು ಕರಗುವ ಮೊದಲೇ ಜಾಹೀರಾತು ಕಂಪನಿಯಿಂದ ಮೇಲ್ ಬಂತು. ನಿಮ್ಮ ಆ್ಯಪಿನಲ್ಲಿ ಜನ ಜಾಹೀರಾತನ್ನು ಒತ್ತುತ್ತಿರುವ ರೀತಿ ಸಹಜವಾಗಿಲ್ಲ, ಆದ್ದರಿಂದ ಒಂದು ತಿಂಗಳು ಜಾಹೀರಾತು ನಿಲ್ಲಿಸಿದ್ದೇವೆ, ಈ ದುಡ್ಡು ನಿಮಗೆ ಸೇರುವುದಿಲ್ಲ, ಇನ್ನೊಮ್ಮೆ ಹೀಗಾದರೆ ಶಾಶ್ವತವಾಗಿ ಬಂದ್. ನಾನೇನೋ ಮೋಸ ಮಾಡಿದೆ ಎಂಬ ಧಾಟಿಯಲ್ಲಿತ್ತು ಅದು. ಯಾರು ಎಲ್ಲಿಂದ ಒತ್ತಿದ್ದಾರೆಂದು ಲೆಕ್ಕ ತೆಗೆದು ನೋಡಿದೆ. ಪಾಂಡವಪುರದಲ್ಲಿ ಮಧ್ಯಾಹ್ನ, ಹೆಂಗಸರಿಗೆ ಮನೆಗೆಲಸ ಮುಗಿಯುವ ಹೊತ್ತಿಗೆ. ಅರಕೆರೆಯಲ್ಲಿ ಮದುವೆಯ ದಿನ. ಗೋವಿಂದನಹಳ್ಳಿಯಲ್ಲಿ ಭಾನುವಾರ, ಅಲ್ಲಿ ಅತ್ತೆಯ ತಂಗಿಯ ಮನೆ. ನಾಗಮಂಗಲದ ಹತ್ತಿರ ಒಂದು ಹಳ್ಳಿಯಲ್ಲಿ ದಿನಾ ಮುಂಜಾನೆ. ಆ ಹಳ್ಳಿ ನನ್ನ ತವರು.

ಮಧ್ಯಾಹ್ನ ಹೊರಗೆ ಜಗಲಿಗೆ ಬಂದು ನೋಡಿದೆ. ಸಂಘದ ಹೆಂಗಸರು ಸುತ್ತ ಕೂತಿದ್ದರು. ಎಲ್ಲರ ಕೈಯಲ್ಲೂ ಫೋನು. ಅವರೆಕಾಯಿ ಸುಲಿಯುವಾಗ ಕೂರುವ ಹಾಗೆಯೇ ಕಾಲು ಚಾಚಿಕೊಂಡು, ಅದೂ ಇದೂ ಮಾತಾಡಿಕೊಂಡು ಫೋನು ಒತ್ತುತ್ತಿದ್ದರು. ಅತ್ತೆ ಮಧ್ಯದಲ್ಲಿದ್ದರು. "ಬರೀ ಒಂದು ಒತ್ಬುಟ್ಟು ಸಾಕು ಅನ್ಬ್ಯಾಡಿ ಕಣ್ರವ್ವ. ಕೈ ತುಂಬ ಒತ್ತಿ" ಎನ್ನುತ್ತಿದ್ದರು. ಒಬ್ಬಾಕೆ, "ಇಲ್ನೋಡು, ಇವತ್ತು ಏನೂ ಬತ್ತಾನೇ ಇಲ್ಲ, ಬರೀ ಬಿಳಿ" ಎಂದಳು. ಬರುವುದು ಹೇಗೆ, ನಿಲ್ಲಿಸಿದ್ದಾರಲ್ಲ.

"ಅತ್ತೆ, ಏನ್ ಮಾಡ್ತಿದೀರ?"

"ಮುಯ್ಯಿ ಮಾಡ್ತಾ ಇವ್ನಿ" ಎಂದರು, ಇದೇನು ಕೇಳುವ ಮಾತೇ ಎಂಬಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮದುವೆಗೆ ಹೋದವರು ಕೊಡುವ ಕಾಣಿಕೆಗೆ ಮುಯ್ಯಿ ಎನ್ನುತ್ತಾರೆ. ಅದು ಬರೀ ಕಾಣಿಕೆಯಲ್ಲ. ನಿಮ್ಮ ಮನೆಯ ಮದುವೆಗೆ ಅವರು ಮಾಡಿದ್ದನ್ನು ಅವರ ಮನೆಯ ಮದುವೆಗೆ ನೀವು ಮಾಡಬೇಕು, ಒಂದಿಷ್ಟು ಮೇಲೆ ಹಾಕಿ. ಗದ್ದೆ ನಾಟಿಗೂ ಹಾಗೆಯೇ ಮುಯ್ಯಾಳು; ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮುಯ್ಯಿ ಬಾಕಿ ಇಟ್ಟುಕೊಂಡು ಬದುಕುವುದು ನಮ್ಮವರಿಗೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ.

ಅತ್ತೆ ವಿವರಿಸಿದರು. "ನಿನ್ ಗಂಡ ಊಟಕ್ಕೆ ಕೂತಾಗ ಯೋಳ್ತಿದ್ದ, ನೋಡುದ್ರೆ ಕಮ್ಮಿ, ಒತ್ತುದ್ರೆ ಜಾಸ್ತಿ ಬತ್ತದೆ ಅಂತ. ಊರೋರ್ಗೆಲ್ಲ ಬಸ್ಸು ಯೋಳ್ತಾಳೆ ನನ್ ಸೊಸೆ, ಯಾರ ತಾವೂ ಒಂದು ಕಾಸು ಕೇಳಾಕಿಲ್ಲ. ಬರೀ ಕೈಲಿ ತಿಂದೋಗ್ಬುಟ್ರೆ ಎಂಗೆ? ಅದುಕ್ಕೆ ಓದ್ ಕಡೇಲೆಲ್ಲ ಯೋಳ್ದೆ. ನಿಮ್ಮವ್ವನೂ ಒತ್ತಾ ಅವ್ಳೆ."

ಹೀಗೆ ನನ್ನ ಕಣ್ಣು ಇಳಿಯುವ ಸಿದ್ಧಾಂತ ಜಗಲಿಯ ಮೇಲೆ ಬಿದ್ದುಹೋಯಿತು. ನನಗೆ ನಗು ಬಂತು, ಸಿಟ್ಟೂ ಬಂತು. ಸಿಟ್ಟು ಅವರ ಮೇಲಲ್ಲ, ಆ ಮೇಲ್ ಬರೆದ ಯಂತ್ರದ ಮೇಲೆ. ಸಹಜವಾಗಿಲ್ಲವಂತೆ. ನಾಲ್ಕು ತಾಲ್ಲೂಕಿನಲ್ಲಿ ಇದಕ್ಕಿಂತ ಸಹಜವಾದದ್ದು ಏನಿದೆ ಎಂದು ಅದಕ್ಕೆ ಯಾರು ಹೇಳಬೇಕು. ಆದರೂ ಒತ್ತಬೇಡಿ ಎಂದು ನಾನು ಹೇಳಲೇಬೇಕಾದವರು ನನ್ನ ಮುಂದೆ ಕೂತಿದ್ದರು. ಇನ್ನೊಂದು ಸಲ ಒತ್ತಿದರೆ ಆ್ಯಪಿನ ಕಥೆ ಮುಗಿಯಿತು.

ಹೆಂಗಸರು ಹೋದ ಮೇಲೆ ಅತ್ತೆಗೆ ಎಲ್ಲ ಹೇಳಿದೆ. ಬೇಕೆಂದೇ ಒತ್ತಬಾರದು ಅತ್ತೆ, ಅವರಿಗೆ ಗೊತ್ತಾಗುತ್ತದೆ, ಕಳ್ಳತನ ಎಂದುಕೊಳ್ಳುತ್ತಾರೆ, ಜಾಹೀರಾತು ನಿಲ್ಲಿಸಿಬಿಟ್ಟಿದ್ದಾರೆ ಎಂದೆ. ಅವರು ಕೇಳಿಸಿಕೊಂಡು ಫೋನನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಟ್ಟರು.

"ಅಂಗಾರೆ ನಾನೇ ಕೆಡಿಸ್ದಂಗಾಯ್ತಲ್ಲ ಮಗ."

"ಇಲ್ಲ ಅತ್ತೆ, ನೀವೇನ್ ಮಾಡಿದ್ರಿ."

"ಮಾಡ್ದೆ ಕಣವ್ವ" ಎಂದು ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ನನಗೆ ತುಂಬ ಬೇಜಾರಾಯಿತು. ಜೋರಾಗಿ ಬೈದಿದ್ದರೆ ಸರಿಯಾಗಿರುತ್ತಿತ್ತು.

ಜಾಹೀರಾತು ಇಲ್ಲದ ಆ ತಿಂಗಳಲ್ಲಿ ಬ್ಯಾನರಿನ ಜಾಗದಲ್ಲಿ ಒಂದು ಸೂಚನೆ ಹಾಕಿದೆ. ಈಚೆಗೆ ಮದುವೆ ಕಾರ್ಡುಗಳ ಕೆಳಗೆ ಅಚ್ಚು ಹಾಕಿಸುತ್ತಾರಲ್ಲ, ಹಾಗೆ: ಮುಯ್ಯಿ ಸ್ವೀಕರಿಸುವುದಿಲ್ಲ, ದಯವಿಟ್ಟು ಜಾಹೀರಾತು ಒತ್ತಬೇಡಿ. ಮದುವೆ ಕಾರ್ಡಿನ ಆ ಸಾಲನ್ನು ನಮ್ಮ ಜನ ಹೇಗೆ ಓದುತ್ತಾರೆಂಬುದು ನನಗೆ ಮರೆತೇ ಹೋಗಿತ್ತು. ಮರ್ಯಾದಸ್ಥರು ಹಾಗೆ ಹಾಕಿಸುತ್ತಾರೆ, ಕೊಡುವವರು ಕೊಡಲೇಬೇಕು. ಜನ ಆ ಸೂಚನೆಯನ್ನೇ ಒತ್ತಿದರು. ಒತ್ತಿದರೆ ಎಲ್ಲಿಗೂ ಹೋಗದ ಬರೀ ಅಕ್ಷರವನ್ನು ಅಷ್ಟು ಜನ ಒತ್ತಿದ್ದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕುಳಿತೆ. ತಿಂಗಳು ಮುಗಿದು ನಿಜವಾದ ಬ್ಯಾನರು ಬಂದ ದಿನವೇ ಇವರೆಲ್ಲ ಸೇರಿ ಅದನ್ನು ಒತ್ತಿ ಮುಗಿಸುತ್ತಾರೆ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಆಗ ಯೋಚನೆಯ ದಿಕ್ಕು ಬದಲಿಸಬೇಕಾಯಿತು. ಇಷ್ಟು ದಿನ ಯಾವ ಬಗೆಗೆ ಕಾಸು ಹೆಚ್ಚು ಎಂದು ನೋಡುತ್ತಿದ್ದೆ. ಈಗ ನಮ್ಮ ಜನರ ಪ್ರೀತಿಯನ್ನು ತಡೆದುಕೊಳ್ಳುವ ಬಗೆ ಯಾವುದು ಎಂದು ನೋಡಬೇಕಿತ್ತು. ಬ್ಯಾನರನ್ನು ಕಂಡರೆ ಕೈ ಹೋಗುತ್ತದೆ. ಫುಲ್ ಸ್ಕ್ರೀನನ್ನಂತೂ ಕೇಳಲೇಬೇಡಿ, ಒತ್ತಲು ಅಂಗೈ ಅಗಲದ ಜಾಗ. ಉಳಿದದ್ದು ಬಹುಮಾನದ ವಿಡಿಯೋ. ಅದರಲ್ಲಿ ಪೂರ್ತಿ ನೋಡಿದರೇ ಕಾಸು, ಒತ್ತಬೇಕಾದ್ದಿಲ್ಲ. ಬೇಕು ಎಂದವರಿಗಷ್ಟೇ ಬರುತ್ತದೆ, ಓಡುವವರಿಗೆ ಅಡ್ಡ ಬರುವುದಿಲ್ಲ. ನೋಡಿದವರಿಗೆ ಪ್ರತಿಯಾಗಿ ನಾನೂ ಏನಾದರೂ ಕೊಡಬೇಕು. ಇಲ್ಲಿ ನೋಡಿದ್ದು, ಅಲ್ಲಿ ಪಡೆದದ್ದು. ನಮ್ಮವರಿಗೆ ಇದಕ್ಕಿಂತ ಅರ್ಥವಾಗುವ ವ್ಯವಹಾರ ಇನ್ನೊಂದಿಲ್ಲ.

ಬಹುಮಾನವಾಗಿ ಒಂದು ಕೂಗು ಇಟ್ಟೆ. ವಿಡಿಯೋ ಪೂರ್ತಿ ನೋಡಿದರೆ, ನೀವು ಕಾಯುತ್ತಿರುವ ಬಸ್ಸು ಹಿಂದಿನ ಸ್ಟಾಪು ದಾಟಿದ ಕೂಡಲೇ ಫೋನು ಕೂಗಿ ಹೇಳುತ್ತದೆ. ಜಕ್ಕನಹಳ್ಳಿಯಲ್ಲೋ ಎಲ್ಲೋ ನೆರಳಿನಲ್ಲಿ ಕೂತು ಹರಟೆ ಹೊಡೆಯಬಹುದು, ರಸ್ತೆಯನ್ನೇ ನೋಡುತ್ತಾ ನಿಲ್ಲಬೇಕಿಲ್ಲ. ಅತ್ತೆಗೂ ಹೋಗಿ ಹೇಳಿದೆ. ಇದರಲ್ಲಿ ಕೈ ತಗಲಿಸಬಾರದು, ಇಷ್ಟವಿದ್ದರೆ ಪೂರ್ತಿ ನೋಡಬಹುದು, "ಹತ್ತಿದೆ" ಗುಂಡಿಗೆ ಮಾತ್ರ ಯಾವ ದೋಷವೂ ಇಲ್ಲ, ಅದನ್ನು ಒತ್ತಲೇಬೇಕು ಎಂದೆ. "ಆಗ್ಲಿ" ಎಂದರು. ಅಷ್ಟೇ. ಜಗಲಿಯ ಮಾತಿನ ನಂತರ ಅವರು ಆ್ಯಪನ್ನು ತೆರೆದದ್ದನ್ನು ನಾನು ನೋಡಿರಲಿಲ್ಲ. ಬಸ್ಸಿಗೆ ಹೋಗಬೇಕಾದರೆ ಬಹಳ ಮುಂಚೆ ಹೊರಟು ನಿಲ್ದಾಣದಲ್ಲಿ ಕೂರುತ್ತಿದ್ದರು.

ಜಾಹೀರಾತು ಮರಳಿ ಬಂತು. ವಿಡಿಯೋ ಹಾಕಿದೆ. ಯಾರೂ ನೋಡಲಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು, ಜನ "ಹತ್ತಿದೆ" ಒತ್ತುವುದನ್ನೂ ನಿಲ್ಲಿಸಿದ್ದರು. ಒತ್ತಬೇಡಿ ಎಂಬ ಸುದ್ದಿಯನ್ನು ಅಷ್ಟರೊಳಗೆ ಅತ್ತೆ ಹೋದಲ್ಲೆಲ್ಲ ಅಷ್ಟು ಚೆನ್ನಾಗಿ ಹಬ್ಬಿಸಿದ್ದರು. ಮೊದಲು ಕೈ ತುಂಬ ಒತ್ತಿ ಎಂದು ಹೇಳಿಸಿಕೊಂಡವರು ಈಗ ಆ ಆ್ಯಪನ್ನು ಮುಟ್ಟಲೇ ಹೆದರುತ್ತಿದ್ದರು. ಯಾರೂ ಗುಂಡಿ ಒತ್ತದೆ ಬಸ್ಸುಗಳು ಕಾಣುವುದು ಹೇಗೆ. ಪರದೆಯ ಮೇಲೆ ನಾಲ್ಕು ತಾಲ್ಲೂಕೂ ಖಾಲಿ. ದಸರಾ ರಜೆ ಮುಗಿಯಲು ಬಂದಿತ್ತು.

ರಜೆ ಮುಗಿದ ದಿನ ಬೀರುವಿನಿಂದ ಒಂದು ಟೀಚರು ಸೀರೆ ತೆಗೆದು ಉಟ್ಟೆ. ಹೋಗಿ ಹೂಂ ಎಂದು ಹೇಳಿ ಬರುವುದೆಂದು ನಿರ್ಧರಿಸಿದ್ದೆ. ಅತ್ತೆ ಕೆ.ಆರ್.ಪೇಟೆ ಕಡೆ ಒಂದು ನಾಮಕರಣಕ್ಕೆಂದು ನನಗಿಂತ ಮುಂಚೆ ಹೊರಟಿದ್ದರು. ಅವರಿಗೆ ನಾನು ಎಲ್ಲಿಗೆ ಹೋಗುತ್ತೇನೆಂದು ಹೇಳಿರಲಿಲ್ಲ.

ಪಾಂಡವಪುರದ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅತ್ತೆ ಕಂಡರು. ಪಕ್ಕದಲ್ಲಿ ಸಂಘದ ಹೆಂಗಸರು, ಗುರುತಿಲ್ಲದ ಇಬ್ಬರು ಮುದುಕಿಯರು. ಅತ್ತೆಯ ಫೋನು ಅವರ ಮಡಿಲಿನ ಚೀಲಕ್ಕೆ ಒರಗಿ ನಿಂತಿತ್ತು. ಅದರಲ್ಲಿ ಒಬ್ಬಳು ಹುಡುಗಿ ಕೂದಲಿಗೆ ಏನೋ ಹಚ್ಚಿಕೊಂಡು ಕುಣಿಯುತ್ತಿದ್ದಳು. ಅತ್ತೆ ತಮ್ಮ ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿ ಕಂಕುಳಿಗೆ ಒತ್ತಿಕೊಂಡಿದ್ದರು. ಪಕ್ಕದವರೂ ಹಾಗೆಯೇ, ತಂತಮ್ಮ ಫೋನು ಮುಂದಿಟ್ಟುಕೊಂಡು, ಕೈ ಸುತ್ತಿಕೊಂಡು. ಮಂಗಳಾರತಿಗೆ ಕಾಯುವಷ್ಟು ಶ್ರದ್ಧೆಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಕೆ.ಆರ್.ಪೇಟೆ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು, "ಬಾರವ್ವ, ಬ್ಯಾಗ ಬಸ್ಸತ್ತು" ಎಂದ. ಅತ್ತೆ ಕಣ್ಣು ತೆಗೆಯದೆ ಹೇಳಿದರು.

"ನೀ ನಡಿಯಪ್ಪ. ಇದಿನ್ನೂ ಮುಗ್ದಿಲ್ಲ."

"ಏನ್ ಮುಗ್ದಿಲ್ಲ?"

"ನೀ ನಡಿ ಅಂದ್ನಲ್ಲ."

ಬಸ್ಸು ಹೋಯಿತು. ನಾಮಕರಣಕ್ಕೆ ಹೋಗುವ ಬಸ್ಸು ಅದೇ. ನಾನು ಹತ್ತಿರ ಹೋಗಿ, "ಅತ್ತೆ, ಬಸ್ಸು ಹೋಯ್ತಲ್ಲ" ಎಂದೆ. ತಾಳು ಎಂಬಂತೆ ತಲೆಯಾಡಿಸಿದರು. ಹುಡುಗಿ ಕುಣಿದು ಮುಗಿಸಿದಳು, ಪರದೆ ನಮ್ಮ ಆ್ಯಪಿಗೆ ಮರಳಿತು. ಆಗ ಸೆರಗಿನಿಂದ ಕೈ ತೆಗೆದರು.

"ನೋಡ್ದಾ, ಎಲ್ಲೂ ಬೆರಳು ತಗಲ್ಸಿಲ್ಲ. ಇವರ್ಗೂ ಯೋಳ್ಕೊಟ್ಟಿವ್ನಿ. ಹತ್ತಿದೆ ಅನ್ನಾದು ಒತ್ಬೋದು, ಇದ್ನ ಬರೀ ನೋಡ್ಬೇಕು ಅಂತ. ಮೊದ್ಲು ತಪ್ಪು ತಿಳ್ಕಂಡು ಎಲ್ರುಗೂ ಎದರಿಸ್ಬುಟ್ಟಿದ್ದೆ. ಈಗ ಎಲ್ಲಾ ಊರ್ಗೂ ಓಗಿ ಯೋಳಿ ಬತ್ತಾ ಇವ್ನಿ."

"ಅದಕ್ಕೆ ಬಸ್ಸು ಬಿಡಬೇಕಿತ್ತಾ ಅತ್ತೆ?"

"ಮತ್ತೆ? ಮಾಡಾದ ಅರ್ಧಕ್ಕೆ ಬುಟ್ಟು ಎದ್ದೋದ್ರೆ ಅದು ಯಾವ್ ಮುಯ್ಯಿ ಕಣವ್ವ. ಇನ್ನೊಂದು ಬಸ್ಸು ಬತ್ತದೆ ಬುಡು." ಆಮೇಲೆ ನನ್ನ ಸೀರೆ ನೋಡಿದರು. "ನೀ ಎಲ್ಲಿಗೆ ಒಂಟೆ?"

ಅರ್ಧಕ್ಕೆ ಬಿಟ್ಟು ಎದ್ದು ಹೊರಟವಳು ನಾನೇ ಎನಿಸಿತು. ಶ್ರೀರಂಗಪಟ್ಟಣದ ಬಸ್ಸು ಬಂದು ನಿಂತಿತು. "ನಿನ್ ಬಸ್ಸೇನೋ" ಎಂದರು ಅತ್ತೆ. ಅಲ್ಲ ಎಂದೆ. ಅದು ಹೊರಟ ಮೇಲೆ ಸ್ವಲ್ಪ ದೂರ ಹೋಗಿ ಹೆಡ್‌ಮಿಸ್ಸಿಗೆ ಫೋನು ಮಾಡಿ, ಬರುವುದಿಲ್ಲ ಮೇಡಂ, ಬೇರೆಯವರನ್ನು ತೆಗೆದುಕೊಳ್ಳಿ ಎಂದೆ. ಅವರು ಏನೋ ಕೇಳುತ್ತಿದ್ದರು, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಬೆಂಚಿಗೆ ಬಂದು ಅತ್ತೆಯ ಪಕ್ಕ ಕುಳಿತೆ. ಅವರು ಆಗಲೇ ಇನ್ನೊಂದು ವಿಡಿಯೋ ಹಾಕಿಕೊಂಡು ಕೈಗಳನ್ನು ಸೆರಗಿಗೆ ಸುತ್ತಿಕೊಂಡಿದ್ದರು, ನೀನೂ ನೋಡು ಬಾ ಎಂದು ಜರುಗಿ ಜಾಗ ಕೊಟ್ಟರು. ಆ್ಯಪು ಮಾಡಿದವರು ಅದರಲ್ಲಿ ಬರುವ ಜಾಹೀರಾತು ನೋಡಬಾರದೆಂದು ಕಂಪನಿಯ ನಿಯಮವಿದೆ. ನಾನು ನೋಡುವ ಹಾಗಿಲ್ಲ ಅತ್ತೆ, ನೀವು ನೋಡಿ ಎಂದು ಮುಖ ಆ ಕಡೆ ತಿರುಗಿಸಿ ಕುಳಿತೆ. ಆ ನಿಯಮ ಇದ್ದದ್ದು ಒಳ್ಳೆಯದೇ ಆಯಿತು. ನನ್ನ ಕಣ್ಣು ತುಂಬಿದ್ದನ್ನು ಅವರು ನೋಡಲಿಲ್ಲ.